ಎಣಿಕೆಗೆ ಬಂದ ರೈಲು: ಎಐ ಕರಡಿನಿಂದ ಗವಂತಿ ಕಸೂತಿಯವರೆಗೆ

ಕಾರಹುಣ್ಣಿವೆಗೆ ಶುರುವಾದ ಕೆಲಸ ಎಳ್ಳ ಅಮಾವಾಸ್ಯೆಗೆ ಮುಗಿಯಿತು. ಕಪ್ಪು ಹತ್ತಿ ಬಟ್ಟೆಯ ಮೇಲೆ 55 ಇಂಚು ಉದ್ದದ ಕಸೂತಿ ಪಟ್ಟಿ. ಇಲ್ಲಿ ಕಸೂತಿ ಅಂದರೆ ನಮ್ಮ ಧಾರವಾಡ ಸೀಮೆಯ, ಎಳೆ ಎಣಿಸಿ ಹಾಕುವ ಕೈಹೊಲಿಗೆ. ಅದರಲ್ಲಿ ಒಂದೇ ರೈಲು 12 ಸಲ ಬರುತ್ತದೆ, ಕೆಳಗೆ ಎಲ್ಲೂ ತುಂಡಾಗದ ಪ್ಲಾಟ್‌ಫಾರ್ಮ್ ಗೆರೆ. ಕರಡಿಗೆ ಎಐ ಬಳಸಿದೆವು, ಹೊಲಿಗೆ ಪೂರ್ತಿ ಕೈಯದು. ಈ ಎರಡರ ನಡುವೆ ಏನೇನು ಕೆಟ್ಟಿತು, ದುಡ್ಡು ಎಲ್ಲಿ ಹೋಯಿತು, ಎಲ್ಲಿ ಕಾಯಬೇಕಾಯಿತು ಅನ್ನುವುದನ್ನು ನೆನಪು ಹಸಿರಾಗಿರುವಾಗಲೇ ಬರೆದಿಡುತ್ತಿದ್ದೇನೆ. ಧಾರವಾಡದಲ್ಲೇ ಇನ್ನೂ ನಾಲ್ಕಾರು ಜನ ಈ ದಾರಿ ಹಿಡಿಯುವ ಮಾತಾಡುತ್ತಿದ್ದಾರೆ. ನಮ್ಮ ಮೊದಲ ಎರಡು ತಿಂಗಳು ಅವರದ್ದೂ ವ್ಯರ್ಥವಾಗುವುದು ಬೇಡ.

ರೈಲು ಯಾಕೆ ಅಂತ ಎಲ್ಲರೂ ಕೇಳಿದರು. ಕಸೂತಿ ಹಾಕಿದ ಹಳೆಯ ಚಂದ್ರಕಾಳಿ (ಕಪ್ಪು) ಸೀರೆಯಲ್ಲಿ ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ, ತೊಟ್ಟಿಲು ಇರುತ್ತವೆ. ಹೊಲಿದ ಹೆಣ್ಣುಮಕ್ಕಳು ದಿನಾ ಕಂಡದ್ದನ್ನೇ ಹಾಕಿದರು. ಇವತ್ತು ನಮ್ಮ ಅವಳಿ ನಗರದಲ್ಲಿ ಕಣ್ಣಿಗೆ ಬೀಳುವುದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಮತ್ತು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಆ 1,507 ಮೀಟರ್ ಪ್ಲಾಟ್‌ಫಾರ್ಮ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮ್ ಕಸೂತಿಯ ಅಂಚಿಗೆ ಹೇಳಿ ಮಾಡಿಸಿದ ವಸ್ತು ಅನ್ನಿಸಿತು.

ಕೆಲಸ ಹಂಚಿಕೊಂಡದ್ದು ಹೀಗೆ: ವಿನ್ಯಾಸ ನನ್ನದು, ಕಂಪ್ಯೂಟರ್ ನನ್ನದೂ ಗೆಳತಿಯದೂ, ಸೂಜಿ ಇಬ್ಬರು ಹಿರಿಯ ಅಕ್ಕತಂಗಿಯರದು. ಅವರಲ್ಲಿ ದೊಡ್ಡವರನ್ನು ನಾವು ಅಕ್ಕಾರು ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ.

ಮೊದಲ ವಾರ ಯಾವ ತಯಾರಿಯೂ ಇಲ್ಲದೆ, ಸಿದ್ಧವಾಗಿ ಸಿಗುವ ಚಿತ್ರ ತಯಾರಿಕೆಯ ಎಐಗೆ ನೇರವಾಗಿ ಕೇಳಿ ನೋಡಿದೆವು. ಕನ್ನಡದಲ್ಲಿ ಬರೆದ ಪ್ರಾಂಪ್ಟಿಗೂ (ಬೇಕಾದ ಚಿತ್ರವನ್ನು ವಿವರಿಸುವ ಸಾಲು) ಬಂದ ಚಿತ್ರಕ್ಕೂ ಸಂಬಂಧವೇ ಇರಲಿಲ್ಲ. ಇದಕ್ಕೆ ಕಾರಣ ಇದೆ. ನಾವು ಬಳಸಿದ ಎಐ ಮಾದರಿ ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್. ಅದರಲ್ಲಿ ಮಾತನ್ನು ಓದುವ ಭಾಗ ಕಲಿತದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಒಂದು ಸಲಕ್ಕೆ ಓದುವುದು 75 ಟೋಕನ್ (ಪದದ ಚೂರು) ಮಾತ್ರ. ಕನ್ನಡದ ಒಂದೊಂದು ಅಕ್ಷರವೂ ಕಂಪ್ಯೂಟರಿನೊಳಗೆ ಕಡಿಮೆಯೆಂದರೆ ಮೂರು ಬೈಟು, ಕಾಗುಣಿತ, ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. ಅದು ಪದವನ್ನು ಚೂರುಚೂರು ಮಾಡಿ ಓದುತ್ತದೆ. ನಾಲ್ಕಾರು ಪದ ಬರೆಯುವಷ್ಟರಲ್ಲಿ ಜಾಗ ತುಂಬಿ ಹೋಗುತ್ತದೆ, ಅರ್ಥವೂ ಸಿಗುವುದಿಲ್ಲ. ಪ್ರಾಂಪ್ಟನ್ನು ಸರಳ ಇಂಗ್ಲಿಷಿನಲ್ಲೇ ಬರೆಯಿರಿ. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಆದರೆ ಈ ಮಾದರಿಯ ಮಟ್ಟಿಗೆ ಬೇರೆ ದಾರಿ ಇಲ್ಲ.

ಇಂಗ್ಲಿಷಿನಲ್ಲಿ ಕೇಳಿದಾಗ ರೈಲು ಬಂತು, ಕಸೂತಿ ಬರಲಿಲ್ಲ. ಮಿರಿಮಿರಿ ಮಿಂಚುವ ತುಂಬು ಹೊಲಿಗೆ, ಸರಪಳಿ ಹೊಲಿಗೆ, ಒಂದೆರಡರಲ್ಲಿ ಕನ್ನಡಿ ಕೆಲಸ ಕೂಡ. ರೈಲೆಂದರೆ ಹೊಗೆ ಬಿಡುವ ಹಳೆಯ ಉಗಿ ಎಂಜಿನ್ನೇ. ಅದು ಕಂಡ ಚಿತ್ರಗಳಲ್ಲಿ ನಮ್ಮ ಕಸೂತಿ ಇದ್ದರೂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕಸೂತಿ ಅಂದರೇನು ಅಂತ ನಾವೇ ಕಲಿಸಬೇಕಿತ್ತು.

ಕಲಿಸಲು ಲೋರಾ ಅನ್ನುವ ವಿಧಾನ ಇದೆ. ಇಡೀ ಮಾದರಿಯನ್ನು ತಿದ್ದುವುದಿಲ್ಲ, ಅದರ ಪಕ್ಕಕ್ಕೆ ಸಣ್ಣ ಕಡತವೊಂದನ್ನು ತರಬೇತಿ ಮಾಡಿ ಜೋಡಿಸುತ್ತೇವೆ. ಇದಕ್ಕೆ 40 ಒಳ್ಳೆಯ ಫೋಟೊ ಸಾಕು. ಆದರೆ ಯಾರ ಫೋಟೊ? ಇಂಟರ್‌ನೆಟ್ಟಿನಿಂದ ಎತ್ತಿಕೊಳ್ಳಬಾರದು ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ದೆವು. ಅಕ್ಕಾರ ಮನೆಯ ಟ್ರಂಕಿನಲ್ಲಿದ್ದ ಸೀರೆ, ಕುಬಸ, ಕುಲಾವಿ, ನಾವೇ ಹಾಕಿಸಿದ ತುಂಡು ಬಟ್ಟೆಗಳು, ಪರಿಚಯದ ಎರಡು ಮನೆಯವರು ಕೊಟ್ಟ ಸೀರೆಗಳು, ಇಷ್ಟೇ ನಮ್ಮ ಸಾಮಗ್ರಿ.

ಇಲ್ಲೇ ಮೊದಲ ಕಾಗದದ ಕೆಲಸ. ಒಪ್ಪಿಗೆ ಪತ್ರ ಬಾಯಿ ಮಾತಿನಲ್ಲಿ ಮುಗಿಸಬೇಡಿ. ನಮ್ಮದು ಒಂದು ಪುಟ, ಕನ್ನಡದಲ್ಲಿ, ಓದಿ ಹೇಳಿ ಸಹಿ ಮಾಡಿಸಿಕೊಂಡದ್ದು. ಯಾವ ಸೀರೆಯ ಯಾವ ಭಾಗದ ಫೋಟೊ ತೆಗೆದೆವು, ಅದನ್ನು ಈ ಒಂದು ಕೆಲಸದ ತರಬೇತಿಗೆ ಮಾತ್ರ ಬಳಸುತ್ತೇವೆ, ತರಬೇತಿಯಾದ ಕಡತವನ್ನು ಯಾರಿಗೂ ಮಾರುವುದಿಲ್ಲ ಕೊಡುವುದೂ ಇಲ್ಲ, ಪ್ರದರ್ಶನದಲ್ಲಿ ಅವರ ಹೆಸರು ಹಾಕುತ್ತೇವೆ, ಪಟ್ಟಿ ಮಾರಾಟವಾದರೆ ಅವರ ಪಾಲು ಎಷ್ಟು, ಬೇಡವೆಂದರೆ ಫೋಟೊ ಅಳಿಸುತ್ತೇವೆ. ಒಬ್ಬರು ತಮ್ಮ ತಾಯಿಯ ಸೀರೆಯ ಫೋಟೊ ಬೇಡವೆಂದರು. ತೆಗೆದ ಆರು ಫೋಟೊಗಳನ್ನು ಅವರ ಎದುರಿಗೇ ಅಳಿಸಿದೆವು. ಈ ಪತ್ರಗಳು ಕೊನೆಗೆ ಹೇಗೆ ಕೈ ಹಿಡಿದವು ಅನ್ನುವುದು ಮುಂದೆ ಬರುತ್ತದೆ.

ಫೋಟೊ ತೆಗೆಯುವಾಗ ಒಂದಷ್ಟು ಗಮನದಲ್ಲಿರಲಿ. ಬಟ್ಟೆಯನ್ನು ಸುಕ್ಕಿಲ್ಲದೆ ಹಲಗೆಗೆ ಬಿಗಿಯಿರಿ, ಎಳೆ ಡೊಂಕಾದರೆ ಮಾದರಿ ಡೊಂಕನ್ನೇ ಕಲಿಯುತ್ತದೆ. ಫೋನು ನೇರ ಮೇಲಿರಬೇಕು. ಬೆಳಿಗ್ಗೆಯ ನೆರಳು ಬೆಳಕು ಸಾಕು, ಫ್ಲಾಷ್ ಬೇಡ. ಪ್ರತಿ ಫೋಟೊವನ್ನು 1024×1024 ಚುಕ್ಕಿಗೆ (ಪಿಕ್ಸೆಲ್) ಕತ್ತರಿಸಿ. ನಮ್ಮ ಮೊದಲ ಗುಂಪಿನಲ್ಲಿ ಬಹುಪಾಲು ಕಪ್ಪು ಬಟ್ಟೆಯೇ ಇತ್ತು. ಕಪ್ಪು ಬಣ್ಣವೇ ಕಸೂತಿ ಅಂತ ಅದು ತಿಳಿದುಕೊಂಡಿತು. ಕೆಂಪು, ಹಸಿರು, ಬಿಳಿ ಬಟ್ಟೆಯ ತುಂಡುಗಳನ್ನೂ ಸೇರಿಸಿದ ಮೇಲೆ ಅದು ಹೊಲಿಗೆಯನ್ನು ನೋಡಲು ಕಲಿಯಿತು.

ಇನ್ನೂ ದೊಡ್ಡ ತಪ್ಪು ಬೇರೆ. ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿ ಅಂದರೆ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುವುದು. ಮುರಗಿ ಅದೇ ರೀತಿ, ಮೆಟ್ಟಿಲು ಮೆಟ್ಟಿಲಾಗಿ. ಇವೆರಡೂ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತವೆ, ಗಂಟು ಹಾಕುವಂತಿಲ್ಲ. ನೇಯ್ಗಿ ನೇಯ್ದಂತೆ ಕಾಣುವ ಉದ್ದ ಎಳೆ, ಮೆಂತಿ ಅಡ್ಡಡ್ಡ ಗುಣಾಕಾರದ ಹೊಲಿಗೆ. ನಾವು ನಾಲ್ಕನ್ನೂ ಒಟ್ಟಿಗೆ ಕಲಿಸಿದೆವು. ಬಂದದ್ದು ನಾಲ್ಕೂ ಅಲ್ಲದ ಒಂದು ಕಲಸುಮೇಲೋಗರ. ಪಂಚಮಿ ಹಬ್ಬದ ವಾರ ಆ ಕಡತವನ್ನು ಬದಿಗಿಟ್ಟು, ಗವಂತಿ ಮತ್ತು ಮುರಗಿ ಇರುವ 40 ಫೋಟೊ ಮಾತ್ರ ಆರಿಸಿ ಮತ್ತೆ ಕಲಿಸಿದೆವು. ಒಂದು ಕಡತಕ್ಕೆ ಒಂದು ಸಂಗತಿ ಕಲಿಸಿ, ಎರಡು ಬೇಡ.

ತರಬೇತಿಯ ಲೆಕ್ಕ ಕೇಳುವವರಿಗೆ: 40 ಫೋಟೊ, ಪ್ರತಿಯೊಂದೂ 10 ಸಲ, ಒಂದು ಸಲಕ್ಕೆ 2ರ ಜೋಡಿ, 8 ಸುತ್ತು. ಒಟ್ಟು 1,600 ಹೆಜ್ಜೆ. ರ‍್ಯಾಂಕ್ (ಆ ಸಣ್ಣ ಕಡತದ ಗಾತ್ರವನ್ನು ಗೊತ್ತುಮಾಡುವ ಅಂಕಿ) 16, ಕಲಿಕೆಯ ವೇಗ 0.0001. ಪ್ರತಿ ಫೋಟೊಗೂ ಒಂದು ಸಾಲಿನ ವಿವರ ಬರೆದೆವು, ಮೊದಲಿಗೆ ಯಾವ ಭಾಷೆಯಲ್ಲೂ ಅರ್ಥವಿಲ್ಲದ ಒಂದು ಗುರುತಿನ ಪದ, ಆಮೇಲೆ ಬಟ್ಟೆಯ ಬಣ್ಣ, ದಾರದ ಬಣ್ಣ, ಆಕಾರ. ಬಣ್ಣವನ್ನು ವಿವರದಲ್ಲಿ ಹೇಳಿದರೆ ಮಾತ್ರ ಮಾದರಿ ಅದನ್ನು ಹೊಲಿಗೆಯಿಂದ ಬೇರೆ ಮಾಡಿ ನೋಡುತ್ತದೆ.

ನಮ್ಮ ಲ್ಯಾಪ್‌ಟಾಪಿಗೆ ಇದು ಆಗದ ಮಾತು. 24 ಜಿಬಿ ಮೆಮೊರಿಯ ಜಿಪಿಯು (ಇಂಥ ಲೆಕ್ಕವನ್ನು ಬೇಗ ಮಾಡುವ ಚಿಪ್) ಗಂಟೆಗೆ ಸುಮಾರು 45 ರೂಪಾಯಿಯಂತೆ ಬಾಡಿಗೆಗೆ ಸಿಕ್ಕಿತು. ಅದಕ್ಕೂ ಮೊದಲು ಬಿಟ್ಟಿಯಾಗಿ ಸಿಗುವ ಸೇವೆಯೊಂದರಲ್ಲಿ ಪ್ರಯತ್ನಿಸಿ ಎರಡು ರಾತ್ರಿ ಕಳೆದೆವು. ಮೊದಲ ರಾತ್ರಿ ಐದನೇ ಸುತ್ತಿನಲ್ಲಿ ಸಂಪರ್ಕ ಕಡಿದು ಎಲ್ಲ ಹೋಯಿತು, ಎರಡನೇ ರಾತ್ರಿ ಮನೆಯ ಕರೆಂಟು ಹೋಗಿ ಮತ್ತೆ ಅದೇ ಕತೆ. ಬೆಳಗಿನ ಮೂರು ಗಂಟೆಗೆ ಖಾಲಿ ಫೋಲ್ಡರ್ ನೋಡುತ್ತ ಕೂತಾಗ ಕಣ್ಣಲ್ಲಿ ನೀರು ಬಂತು. ಪ್ರತಿ ಸುತ್ತು ಮುಗಿದ ಕೂಡಲೇ ಕಡತ ಬೇರೆ ಕಡೆ ಉಳಿಯುವಂತೆ ಮೊದಲೇ ಹೇಳಿಡಿ. ಇನ್ನೊಂದು ಲಾಭವೂ ಇದೆ. ನಮಗೆ ಎಂಟನೇ ಸುತ್ತಿನ ಕಡತ ಏನು ಕೇಳಿದರೂ ಅಕ್ಕಾರ ಸೀರೆಯ ಗೋಪುರವನ್ನೇ ತಿರುಗಿಸಿ ಕೊಡುತ್ತಿತ್ತು, ಬಾಯಿಪಾಠ ಮಾಡಿಬಿಟ್ಟಿತ್ತು. ಐದನೆಯದು ಕೈಗೆ ಬಗ್ಗಿತು. ಅದನ್ನೇ ಇಟ್ಟುಕೊಂಡೆವು.

ಗಣೇಶ ಚೌತಿಗೆ ಮುಂಚೆ ಮೊದಲ ಒಳ್ಳೆಯ ಚಿತ್ರಗಳು ಬಂದವು. ನಿಜವಾಗಿಯೂ ಚಂದ ಇದ್ದವು. ಕಪ್ಪು ಬಟ್ಟೆ, ಬಿಳಿ ದಾರ, ಡಬ್ಬಿಯ ಕಿಟಕಿಗಳಲ್ಲಿ ಸಣ್ಣ ಸಣ್ಣ ಚಿಕ್ಕಿ (ನಕ್ಷತ್ರ). ಇನ್ನೇನು ಕೆಲಸ ಮುಗಿಯಿತು ಅಂತ 11 ಚಿತ್ರಗಳನ್ನು ಪ್ರಿಂಟ್ ಹಾಕಿಸಿಕೊಂಡು ಅಕ್ಕಾರ ಮನೆಗೆ ಹೋದೆವು.

ಅಕ್ಕಾರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಏರಿಸಿಕೊಂಡು ಸೂಜಿಯ ತುದಿಯನ್ನು ಎಂಜಿನ್ನಿನ ಕೆಳಗಿನ ಗೆರೆಯ ಮೇಲಿಟ್ಟು ಎಡದಿಂದ ಬಲಕ್ಕೆ ಸರಿಸುತ್ತ ಹೋದರು, ತುಟಿ ಅಲ್ಲಾಡುತ್ತಿತ್ತು. ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಎಣಿಸಿದರು.

“ಚಂದ ಐತಿ ತಂಗಿ. ಆದ್ರ ಇದರಾಗ ಎಣಿಕಿ ಇಲ್ಲ. ಇಲ್ಲಿ ಐದು ಎಳಿ, ಇಲ್ಲಿ ಐದೂವರಿ. ಅರ್ಧಾ ಎಳಿ ಎಲ್ಲಿಂದ ತರ್ಲಿ ನಾ?”

ಆ ದಿನ ಮನೆಗೆ ಬಂದು ಅಳತೆ ಮಾಡಿ ನೋಡಿದಾಗ ಅವರ ಮಾತು ಅಕ್ಷರಶಃ ನಿಜ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿ ಹಾಕುವುದು. ಎಐ ಎಣಿಸುವುದಿಲ್ಲ. ಈ ಮಾದರಿ 1024 ಚುಕ್ಕಿಯ ಚಿತ್ರವನ್ನು ಒಳಗೆ 128×128ರ ಜಾಲಕ್ಕೆ ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ, ಅಂದರೆ 8×8 ಚುಕ್ಕಿಗೆ ಒಂದು ಕೋಣೆ. ನಮ್ಮ ರೈಲು 60 ಮನೆ ಅಗಲ, ಮನೆ ಅಂದರೆ ಒಂದು ಹೊಲಿಗೆಯಷ್ಟು ಅಗಲದ ಚೌಕ. 1024ನ್ನು 60ರಿಂದ ಭಾಗಿಸಿದರೆ ಒಂದು ಮನೆಗೆ 17 ಚುಕ್ಕಿ, ಒಳಗಿನ ಲೆಕ್ಕದಲ್ಲಿ ಎರಡು ಕೋಣೆ. ದಾರದ ಗೆರೆಯ ದಪ್ಪ ಮೂರು ನಾಲ್ಕು ಚುಕ್ಕಿ, ಅದು ಒಂದು ಕೋಣೆಗಿಂತಲೂ ಸಣ್ಣದು. ಮನೆಗಳು ಸಮನಾಗಿ ಬೀಳಬೇಕು ಅನ್ನುವ ನಿಯಮವನ್ನು ಅದು ಎಲ್ಲೂ ಇಟ್ಟುಕೊಂಡಿರುವುದಿಲ್ಲ. ಕಸೂತಿಯಂತೆ ಕಾಣುವುದನ್ನು ಕೊಡುತ್ತದೆ, ಕಸೂತಿಯನ್ನಲ್ಲ. ಎಡಕ್ಕೆ ಐದು ಅಂತಸ್ತಿನ ಗೋಪುರ ಬಲಕ್ಕೆ ನಾಲ್ಕಾಗುವುದು ಇದೇ ಕಾರಣಕ್ಕೆ.

ಇಲ್ಲಿ ಬಿಟ್ಟುಬಿಡೋಣ ಅಂತ ಗೆಳತಿ ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೊಲಿಯಲಾಗದ ಚಿತ್ರವನ್ನು ಹಿಡಿದು ಕಸೂತಿ ಅಂತ ತೋರಿಸುವವರ ಸಾಲಿಗೆ ನಾವೂ ಸೇರುತ್ತೇವೇನೋ ಅನ್ನುವ ಅಳುಕು ನನಗೂ ಇತ್ತು. ಕಸೂತಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಪಡೆದ ಹೆಸರು, ಅದರ ಹಿಂದೆ ಕೈ ಇದೆ, ಊರು ಇದೆ. ಪ್ರಿಂಟನ್ನಾಗಲಿ ಮಷೀನ್ ಹೊಲಿಗೆಯನ್ನಾಗಲಿ ಆ ಹೆಸರಿನಿಂದ ಕರೆಯಬಾರದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಹಾಗಾಗಿ ಎಐ ಚಿತ್ರವನ್ನು ಕರಡು ಅಂತ ಮಾತ್ರ ತಿಳಿದು ಎಣಿಕೆಯ ನಕ್ಷೆಯನ್ನು ಬೇರೆಯಾಗಿ ಕಟ್ಟುವುದು ಅಂತಾಯಿತು. ಕೆಲಸದ ಮುಕ್ಕಾಲು ಪಾಲು ಇರುವುದು ಅಲ್ಲೇ.

ಚಿತ್ರ ತೆಗೆಸುವ ಕ್ರಮವನ್ನೂ ಬದಲಿಸಿದೆವು. ಇಡೀ ರೈಲನ್ನು ಒಂದೇ ಸಲ ಕೇಳುವುದು ಬಿಟ್ಟು ಎಂಜಿನ್ ಬೇರೆ, ಡಬ್ಬಿ ಬೇರೆ ಕೇಳಿದೆವು. ಒಂದು ತುಂಡಿನ 32 ಮನೆಗೆ 1024 ಚುಕ್ಕಿ ಅಂದರೆ ಮನೆಗೆ 32 ಚುಕ್ಕಿ, ನಾಲ್ಕು ಕೋಣೆ. ಗೆರೆಗಳು ಎಷ್ಟೋ ನೆಟ್ಟಗಾದವು. ಬರೀ ಮಾತಿನಿಂದ ಕೇಳುವ ಬದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ರೈಲಿನ ಹೊರಗೆರೆ ಬರೆದು, ಸ್ಕ್ಯಾನ್ ಮಾಡಿ, ಕೊಟ್ಟ ಗೆರೆಯನ್ನು ಎಐ ಅನುಸರಿಸುವಂತೆ ಮಾಡುವ ಕಂಟ್ರೋಲ್‌ನೆಟ್ ಮೂಲಕ ಕೊಟ್ಟೆವು. ಅದರ ಹಿಡಿತ 0.6ರ ಆಸುಪಾಸು ಇಟ್ಟಾಗ ನಮ್ಮ ಹೊರಗೆರೆ ಉಳಿಯಿತು, ಒಳಗಿನ ತುಂಬುವಿಕೆಯನ್ನು ಎಐ ಬಗೆಬಗೆಯಾಗಿ ಕೊಟ್ಟಿತು. 0.9ಕ್ಕೆ ಏರಿಸಿದರೆ ನಾವು ಬರೆದದ್ದನ್ನೇ ವಾಪಸು ಕೊಡುತ್ತದೆ, 0.3ಕ್ಕೆ ಇಳಿಸಿದರೆ ಉಗಿ ಎಂಜಿನ್ ಮತ್ತೆ ಬರುತ್ತದೆ. ಎರಡೂ ಕಡೆ ಸಮ ಇರಬೇಕಾದ ಆಕಾರಕ್ಕೆ ಎಡ ಅರ್ಧ ಮಾತ್ರ ಇಟ್ಟುಕೊಂಡು ಕನ್ನಡಿಯಂತೆ ಮಗುಚಿ. ಪ್ರತಿ ಚಿತ್ರದ ಸೀಡ್ ಸಂಖ್ಯೆ (ಅದೇ ಚಿತ್ರ ಮತ್ತೆ ಬರಲು ಬೇಕಾದ ಅಂಕಿ) ಮತ್ತು ಪ್ರಾಂಪ್ಟನ್ನು ವಹಿಯಲ್ಲಿ ಬರೆದಿಡಿ. ನಾವು ಬರೆಯದೆ ಬಿಟ್ಟ ಒಂದು ಡಬ್ಬಿಯ ವಿನ್ಯಾಸ ಎಷ್ಟು ಹುಡುಕಿದರೂ ಮತ್ತೆ ಸಿಗಲಿಲ್ಲ.

ಎಐ ಕೊಟ್ಟದ್ದರಲ್ಲಿ ನಾನೇ ಎಂದೂ ಯೋಚಿಸದ ಒಂದಷ್ಟು ಇದ್ದವು. ಎರಡು ಡಬ್ಬಿಯ ನಡುವಿನ ಕೊಂಡಿಯನ್ನು ಅದು ತೊಟ್ಟಿಲಿನ ಸರಪಳಿಯ ಹಾಗೆ ತೂಗುಬಿಟ್ಟಿತ್ತು. ಇನ್ನೊಂದರಲ್ಲಿ ಎಂಜಿನ್ನಿನ ಮೂತಿ ಗೋಪುರದ ಮೆಟ್ಟಿಲಿನಂತೆ ಹಿಂದಕ್ಕೆ ಸರಿಯುತ್ತಿತ್ತು. ಹಳೆಯ ಸೀರೆಯ ಆಕಾರವನ್ನು ಹೊಸ ವಸ್ತುವಿನ ಮೈಗೆ ಅಂಟಿಸಿ ನೋಡುವುದರಲ್ಲಿ ಅದಕ್ಕೆ ದಣಿವಿಲ್ಲ. 340 ಚಿತ್ರ ತೆಗೆಸಿದ್ದಕ್ಕೆ ನನಗೆ ದಕ್ಕಿದ್ದು ಈ ಎರಡು ಉಪಾಯ, ಮತ್ತು ಇವೆರಡೂ ಪಟ್ಟಿಯಲ್ಲಿ ಉಳಿದವು. ಈ ಎರಡಕ್ಕೇ ಆ ಶ್ರಮ ಸಾರ್ಥಕ ಅನ್ನುವುದು ನನ್ನ ಅಭಿಪ್ರಾಯ.

ಈಗ ನಕ್ಷೆ. ಎಲ್ಲರೂ ಬೀಳುವ ಗುಂಡಿ ಇಲ್ಲಿದೆ. ಚಿತ್ರವನ್ನು 60×40 ಚುಕ್ಕಿಗೆ ಕುಗ್ಗಿಸಿದರೆ ನಕ್ಷೆಯಾಯಿತು ಅಂತ ಅನ್ನಿಸುತ್ತದೆ. ಚಾಟ್‌ಬಾಟಿಗೆ ಕೇಳಿದಾಗ ಅದೂ ಅಂಥದ್ದೇ ಪೈಥಾನ್ ಕೋಡ್ ಬರೆದುಕೊಟ್ಟಿತು. ಬಂದದ್ದು ತುಂಬಿದ ಚೌಕಗಳ ಚಿತ್ರ. ಅದು ಮೆಂತಿಗೆ ಸರಿ, ಗವಂತಿಗಲ್ಲ. ಗವಂತಿಯ ಹೊಲಿಗೆ ಮನೆಯೊಳಗೆ ಕೂರುವುದಿಲ್ಲ, ಮನೆಯ ಅಂಚಿನ ಮೇಲೆ ಕೂರುತ್ತದೆ, ಒಂದು ತೂತಿನಿಂದ ಪಕ್ಕದ ತೂತಿಗೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಎರಡು ತೂತಿನ ನಡುವೆ ಗೆರೆ ಇದೆಯೋ ಇಲ್ಲವೋ? 60×40 ಮನೆಗೆ 61×41 ತೂತು. ಅಡ್ಡ ಗೆರೆಗೆ 2,460 ಜಾಗ, ಉದ್ದ ಗೆರೆಗೆ 2,440, ಎರಡು ಓರೆಗಳಿಗೆ ಸೇರಿ 4,800. ಒಟ್ಟು 9,700 ಜಾಗ. ಪ್ರತಿ ಜಾಗದಲ್ಲೂ ಮನೆಯ ಮೂರನೇ ಒಂದು ಭಾಗದಷ್ಟು ಅಗಲದ ಪಟ್ಟಿಯಲ್ಲಿ ದಾರದ ಬಣ್ಣ ಎಷ್ಟಿದೆ ಅಂತ ಸರಾಸರಿ ತೆಗೆದು, ಒಂದು ಗಡಿ ದಾಟಿದರೆ ಅಲ್ಲಿ ಹೊಲಿಗೆ ಇದೆ ಅಂತ ಗುರುತು ಹಾಕುವ ಕೋಡ್ ಬೇಕು. ಹೀಗೆ ಬಿಡಿಸಿ ಹೇಳಿದಾಗ ಚಾಟ್‌ಬಾಟ್ ಅದನ್ನು ಸರಿಯಾಗಿಯೇ ಬರೆಯಿತು.

ಆದರೂ ಅದರಿಂದ ನೆಟ್ಟಗೆ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದನ್ನು ಗೆರೆಚಿತ್ರದ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ತಿದ್ದಲು ಹೋಗಿ ಒಂದು ವಾರ ಕಳೆದ ಮೇಲೆ ಗ್ರಾಫ್ ಹಾಳೆ ಮತ್ತು ಪೆನ್ಸಿಲಿಗೆ ಬಂದೆವು. ಅದೇ ಬೇಗ ಆಯಿತು, ಯಾಕೆಂದರೆ ಅಕ್ಕಾರು ಪಕ್ಕದಲ್ಲಿ ಕೂತು ಕೈ ತೋರಿಸಬಹುದಿತ್ತು.

ಗಾಲಿಯ ವಿಷಯ ಹೇಳುತ್ತೇನೆ. ಎಐ ಎಲ್ಲ ಗಾಲಿಯನ್ನೂ ದುಂಡಗೆ ಕೊಡುತ್ತಿತ್ತು. ಎಣಿಕೆಯಲ್ಲಿ ದುಂಡು ಇಲ್ಲ, ನೇರ ಮತ್ತು ಓರೆ ಅಷ್ಟೆ. ನಾನು ದುಂಡನ್ನು ಮೆಟ್ಟಿಲು ಮಾಡಿ ಮಾಡಿ ಸೋತೆ, ಪ್ರತಿ ಸಲ ಒಂದು ಹಲ್ಲು ಮುರಿದ ಚಕ್ರದಂತೆ ಕಾಣುತ್ತಿತ್ತು. ಅಕ್ಕಾರು ಒಳಗೆ ಹೋಗಿ ಹಳೆಯ ಕುಬಸವೊಂದನ್ನು ತಂದು ತೋಳಿನ ತೇರನ್ನು ತೋರಿಸಿದರು. “ತೇರಿನ ಗಾಲಿ ಹಾಕ್ರಿ. ರೈಲಿಗೂ ಅದ ನಡೀತೈತಿ.” ಆ ಗಾಲಿ 6 ಮನೆ ಅಗಲ, 6 ಮನೆ ಎತ್ತರ. ನಾಲ್ಕೂ ಬದಿಗೆ ಎರಡೆರಡು ನೇರ ಹೊಲಿಗೆ, ನಾಲ್ಕು ಮೂಲೆಗೂ ಎರಡೆರಡು ಓರೆ. ಒಟ್ಟು 16 ಹೊಲಿಗೆಯ ಎಂಟು ಮೂಲೆ. ಎರಡಡಿ ದೂರದಿಂದ ನೋಡಿದರೆ ದುಂಡಗೆ ತಿರುಗುತ್ತದೆ. ನಮ್ಮ ರೈಲಿನ ಎಲ್ಲ ಗಾಲಿಯೂ ಆ ತೇರಿನದ್ದೇ.

ನಕ್ಷೆ ಮುಗಿದ ಮೇಲೆ ಒಂದು ಪರೀಕ್ಷೆ ಖಂಡಿತ ಮಾಡಿ. ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿವೆಯೇ? ಕೂಡಿದ್ದರೆ ಗವಂತಿಯಲ್ಲಿ ಎಲ್ಲಿಂದ ಶುರು ಮಾಡಿದರೂ ಎಲ್ಲ ಗೆರೆಯನ್ನೂ ಮುಟ್ಟಿ ತಿರುಗಿ ಅಲ್ಲಿಗೇ ಬರಬಹುದು. ಕವಲು ಸಿಕ್ಕಲ್ಲಿ ಒಳಹೊಕ್ಕು ಅದನ್ನು ಮುಗಿಸಿ ಹೊರಬರುವುದು, ಪ್ರತಿ ಗೆರೆಯ ಮೇಲೂ ಒಂದು ಸಲ ಹೋಗುವಾಗ ಒಂದು ಸಲ ಬರುವಾಗ. ಒಂದು ಸಲ ದಾರ ಮೇಲೆ ಬಿದ್ದರೆ ಇನ್ನೊಂದು ಸಲ ಕೆಳಗೆ, ಹಾಗಾಗಿ ಎರಡೂ ಮೈ ತುಂಬುತ್ತದೆ. ಒಂದು ಚೂರು ಬೇರೆಯಾಗಿ ತೇಲುತ್ತಿದ್ದರೂ ಅಲ್ಲಿಗೆ ಹೋಗಲು ದಾರ ಬಟ್ಟೆಯ ಹಿಂದೆ ಜಿಗಿಯಬೇಕು, ಹಿಂದಿನ ಮೈ ಕೆಡುತ್ತದೆ. ಎಐ ಕರಡುಗಳಲ್ಲಿ ತೇಲುವ ಚೂರು ತುಂಬ. ನಮ್ಮ ಮೊದಲ ನಕ್ಷೆಯಲ್ಲಿ ಎಣಿಸಿದರೆ 14 ಇದ್ದವು, ಹೆಚ್ಚಿನವು ಕಿಟಕಿಯೊಳಗಿನ ಚಿಕ್ಕಿಗಳು. ಒಂದೊಂದನ್ನೂ ಚೌಕಟ್ಟಿಗೆ ಒಂದು ಹೊಲಿಗೆಯಿಂದ ಕಟ್ಟಿದೆವು. ಪ್ಲಾಟ್‌ಫಾರ್ಮಿನ ಗೆರೆ ಪೂರ್ತಿ ಉದ್ದ ಓಡುವುದರಿಂದ 12 ರೈಲೂ ಅದಕ್ಕೆ ಕೂಡಿಕೊಂಡವು.

ಉತ್ಸಾಹದಲ್ಲಿ ನಾವು ಸೂಜಿಯ ದಾರಿಯನ್ನೂ ಕೋಡಿನಿಂದ ಬರೆಸಿ, ಪ್ರತಿ ಹೊಲಿಗೆಗೂ ನಂಬರು ಹಾಕಿದ ಹಾಳೆ ಕೊಟ್ಟೆವು. ಅಕ್ಕಾರು ಹತ್ತು ನಿಮಿಷ ಅದನ್ನು ಅನುಸರಿಸಿ ಪಕ್ಕಕ್ಕಿಟ್ಟರು. “ಈ ಹಾಳಿ ನೋಡ್ಕೋತ ಕುಂತ್ರ ಕೈ ನಿಂದರತೈತಿ.” ನಕ್ಷೆ ಕೊಡಿ, ದಾರಿ ಅವರಿಗೆ ಬಿಡಿ.

ಹೊಲಿಗೆ ಶೀಗಿ ಹುಣ್ಣಿವೆ ಕಳೆದ ಮೇಲೆ ಶುರುವಾಯಿತು. ನಮ್ಮ ಕಪ್ಪು ಬಟ್ಟೆಯ ಎಳೆ ಕಣ್ಣಿಗೆ ಸಿಗದಷ್ಟು ಸಣ್ಣ. ಅದರ ಮೇಲೆ ಇಂಚಿಗೆ 14 ಮನೆಯ ಕ್ಯಾನ್ವಾಸ್ ಹಾಕಿ ಕಚ್ಚಾ ಹೊಲಿದು, ಅದರ ತೂತು ಎಣಿಸಿ ಹಾಕಿ, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ತೆಗೆಯುವ ಮುಂಚೆ ಒದ್ದೆ ಮಾಡಿದರೆ ಗಂಜಿ ಬಿಟ್ಟು ಎಳೆ ಸಲೀಸಾಗಿ ಬರುತ್ತದೆ. ಹೊಲಿಯುವಾಗ ಸೂಜಿ ಕ್ಯಾನ್ವಾಸಿನ ಎಳೆಯನ್ನು ಚುಚ್ಚಬಾರದು, ಚುಚ್ಚಿದರೆ ಆ ಎಳೆ ಹೊರಬರುವಾಗ ಹೊಲಿಗೆಯನ್ನೂ ಎಳೆಯುತ್ತದೆ. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ. ಕಪ್ಪು ಬಣ್ಣ ಬಿಟ್ಟು ಬಿಳಿ ದಾರ ಮಾಸಿದರೆ ಮಾಡುವಂಥದ್ದು ಏನೂ ಇಲ್ಲ.

60 ಮನೆಯ ರೈಲು 4.3 ಇಂಚು ಬರುತ್ತದೆ. ರೈಲು ರೈಲಿನ ನಡುವೆ 4 ಮನೆ ಬಿಟ್ಟು 12 ಸಲ ಹಾಕಿದರೆ 764 ಮನೆ, ಅಂದರೆ 55 ಇಂಚಿಗೆ ತುಸು ಕಡಿಮೆ. ದಾರದ ಲೆಕ್ಕ ಹೀಗೆ: ಒಂದು ರೈಲಿಗೆ ಸುಮಾರು 900 ಹೊಲಿಗೆ, ಒಂದೊಂದು 1.8 ಮಿಲಿಮೀಟರ್, ಹೋಗಿ ಬರುವುದರಿಂದ ಎರಡು ಪಟ್ಟು, ಸುಮಾರು 3.3 ಮೀಟರ್. ಓರೆ ಹೊಲಿಗೆ, ತುದಿ, ಸವಕಲು ಸೇರಿ ನೂರಕ್ಕೆ 30 ಹೆಚ್ಚು ಹಿಡಿದರೆ 4.3 ಮೀಟರ್. 12 ರೈಲಿಗೆ 52 ಮೀಟರ್. ಆರು ಎಳೆಯ 8 ಮೀಟರ್ ಲಡಿಯಿಂದ ಎರಡೆಳೆಯ ದಾರ 24 ಮೀಟರ್ ಸಿಗುತ್ತದೆ. ಮೂರು ಲಡಿ ಸಾಕು, ನಾಲ್ಕು ತನ್ನಿ, ಒಂದೇ ಬಣ್ಣದ ಲಾಟಿನವು. ಸೂಜಿ 24ನೇ ನಂಬರಿನದು.

ನಾಲ್ಕನೇ ರೈಲಿನಲ್ಲಿ ಒಂದು ಮನೆ ತಪ್ಪಿತು. ಗೊತ್ತಾದದ್ದು ಐದನೆಯದು ಅರ್ಧಕ್ಕೆ ಬಂದಾಗ. ಒಂದೂವರೆ ರೈಲು ಬಿಚ್ಚಿದರು, ಅಕ್ಕಾರ ತಂಗಿ ಆ ದಿನ ಊಟಕ್ಕೆ ಏಳಲಿಲ್ಲ. ಆಮೇಲಿನಿಂದ ಪ್ರತಿ 64 ಮನೆಗೆ ಕೆಂಪು ದಾರದ ಗುರುತು ಹಾಕಿಕೊಂಡೆವು. ನೀವು ಇದನ್ನು ಮೊದಲ ದಿನವೇ ಮಾಡಿ.

ಖರ್ಚು ಮುಚ್ಚಿಡುವುದಿಲ್ಲ. ಜಿಪಿಯು ಬಾಡಿಗೆ 26 ಗಂಟೆಗೆ 1,170 ರೂಪಾಯಿ. ಪ್ರಿಂಟು 240, ಬಟ್ಟೆ 700, ಕ್ಯಾನ್ವಾಸ್ 350, ದಾರ 100, ಎರಡು ಮೈಯೂ ಕಾಣುವ ಚೌಕಟ್ಟು 2,400. ಕೈಗೆಲಸದ ಕೂಲಿ ದಿನಕ್ಕೆ 700ರಂತೆ 24 ದಿನಕ್ಕೆ 16,800. ಇದರಲ್ಲಿ 18 ದಿನ ಹೊಲಿಗೆ, 2 ದಿನ ಬಿಚ್ಚಿ ಹಾಕಿದ್ದು, 4 ದಿನ ನಕ್ಷೆಗೆ ಕೂತದ್ದು. ನಕ್ಷೆಗೆ ಕೂತ ದಿನಕ್ಕೂ ಕೂಲಿ ಕೊಡಿ, ಅದು ಪುಕ್ಕಟೆ ಸಲಹೆ ಅಲ್ಲ. ಒಟ್ಟು 21,760. ಎಐಗೆ ಹೋದದ್ದು ನೂರಕ್ಕೆ ಐದಾರು ರೂಪಾಯಿ. ಎಐ ಬಂದರೆ ಕಸೂತಿ ಅಗ್ಗವಾಗುತ್ತದೆ ಅನ್ನುವವರು ಈ ಖರ್ಚಿನ ಲೆಕ್ಕವನ್ನು ನೋಡಲಿ.

ಕೊನೆಯ ಅಡ್ಡಿ ಅರ್ಜಿಯದು. ಪ್ರದರ್ಶನವೊಂದಕ್ಕೆ ಕಳಿಸಿದ ಅರ್ಜಿ ಹತ್ತು ದಿನಕ್ಕೆ ವಾಪಸು ಬಂತು. ಅರ್ಜಿಯಲ್ಲಿ ಕೈಯಿಂದ ಮಾಡಿದ್ದೋ ಯಂತ್ರದಿಂದಲೋ ಅಂತ ಎರಡೇ ಕಲಮು. ನಾವು ಕೈ ಅಂತ ಗುರುತು ಹಾಕಿ ಕೆಳಗೆ ಎಐ ಕರಡಿನ ವಿಷಯ ಬರೆದಿದ್ದೆವು, ಅದೇ ಗೊಂದಲಕ್ಕೆ ಕಾರಣವಾಯಿತು. ಬರೆಯದೇ ಇದ್ದಿದ್ದರೆ ಸಲೀಸಾಗಿ ಹೋಗುತ್ತಿತ್ತು ಅಂತ ಒಬ್ಬರು ಬುದ್ಧಿ ಹೇಳಿದರು. ಮುಚ್ಚಿಟ್ಟು ಕಳಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ. ಎರಡನೇ ಸಲ ಒಂದು ಪುಟದ ವಿವರಣೆ, ತರಬೇತಿಗೆ ಬಳಸಿದ 40 ಫೋಟೊಗಳ ಪಟ್ಟಿ, ಒಪ್ಪಿಗೆ ಪತ್ರಗಳ ಪ್ರತಿ, ಎಐ ಕರಡು, ಪೆನ್ಸಿಲ್ ನಕ್ಷೆ ಮತ್ತು ಪಟ್ಟಿಯ ಎರಡೂ ಮೈಯ ಫೋಟೊ ಲಗತ್ತಿಸಿದೆವು. ಕರಡಿನ ಕರ್ತೃ ಯಾರು ಅನ್ನುವ ಪ್ರಶ್ನೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 2(ಡಿ)(6)ನ್ನು ಉಲ್ಲೇಖಿಸಿದೆವು. ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಅಂತ ಅದು ಹೇಳುತ್ತದೆ. ಮತ್ತೆ ಮೂರು ವಾರ ಕಾದೆವು. ಹಿಂಬದಿಯ ಫೋಟೊ ನೋಡಿದ ಮೇಲೆ ಕೈಯೋ ಯಂತ್ರವೋ ಅನ್ನುವ ಪ್ರಶ್ನೆ ಉಳಿಯಲಿಲ್ಲ ಅಂತ ಫೋನಿನಲ್ಲಿ ಹೇಳಿದರು. ಒಪ್ಪಿಗೆಯಾಯಿತು.

ಪಟ್ಟಿಯನ್ನು ಗೋಡೆಗೆ ಹಾಕದೆ ಸೂರಿನಿಂದ ತೂಗುಬಿಟ್ಟಿದ್ದೇವೆ, ಎರಡೂ ಕಡೆಯಿಂದ ನೋಡಲಿ ಅಂತ. ಕೆಳಗಿನ ಚೀಟಿಯಲ್ಲಿ ನಾಲ್ಕು ಸಾಲು: ಕರಡು ಯಾವ ಮಾದರಿಯಿಂದ, ನಕ್ಷೆ ಯಾರದು, ಕಸೂತಿ ಯಾರದು, ಕಲಿಕೆಗೆ ಯಾರ ಸೀರೆ. ಅಕ್ಕಾರು ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದರು. ಆಮೇಲೆ ಎಂಜಿನ್ನಿನ ನಕ್ಷೆಯ ಒಂದು ಪ್ರತಿ ಬೇಕು, ಮೊಮ್ಮಗಳ ಕುಬಸದ ತೋಳಿಗೆ ಹಾಕಬೇಕು ಅಂದರು. ತೋಳಿಗೆ ಅದು ದೊಡ್ಡದು. ಅಲ್ಲೇ ಗ್ರಾಫ್ ಹಾಳೆ ತೆಗೆದುಕೊಂಡು ಅವರೇ 28 ಮನೆಗೆ ಇಳಿಸಿದರು, ಕಂಪ್ಯೂಟರ್ ಬೇಕಾಗಲಿಲ್ಲ. ಮೂತಿಯ ಮೆಟ್ಟಿಲು ಉಳಿಯಿತು, ಕಿಟಕಿ ಎರಡಾಯಿತು. ಗಾಲಿ 6 ಮನೆಯಿಂದ 4 ಮನೆಗೆ ಬಂತು: ನೇರ 8, ಓರೆ 4, ಒಟ್ಟು 12 ಹೊಲಿಗೆ.